ಗಡಿಯಾರ ರೇಡಿಯೋ ಕೊಳ್ಳುವ ಮುನ್ನ ಪ್ಲಗ್ ಕಿತ್ತು ನೋಡಿ
ಮಲಗುವ ಕೋಣೆಗೆ ಡಿಜಿಟಲ್ ಗಡಿಯಾರ ರೇಡಿಯೋ ಕೊಳ್ಳುವವರು, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ ಬೇರೆಲ್ಲೇ ಆಗಲಿ, ಅಂಗಡಿಯಲ್ಲೇ ಸಮಯ ಮತ್ತು ಅಲಾರಂ ಹೊಂದಿಸಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿ. 12:00 ಎಂದು ಮಿಣುಕಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಬ್ಯಾಟರಿಯ ಆಸರೆಯಿಲ್ಲದ ಗಡಿಯಾರ ಕರೆಂಟ್ ಹೋದೊಡನೆ ಎಲ್ಲವನ್ನೂ ಮರೆಯುತ್ತದೆ. ನಡುರಾತ್ರಿಯ ಮಳೆಗೆ ಕರೆಂಟ್ ಹೋಗಿ ಬಂದರೆ ಬೆಳಗಿನ ಅಲಾರಂ ನಂಬುವಂತಿಲ್ಲ. ಬ್ಯಾಟರಿ ಹಾಕುವ ಗೂಡಿದ್ದರೆ ಮೊದಲು ಅದನ್ನು ತುಂಬಿಸಿ, ಆಮೇಲೆ ಪರೀಕ್ಷಿಸಿ. ಅಮೆರಿಕದಿಂದ ಬಂದ ಉಡುಗೊರೆಗೆ ಮಾತ್ರ ಈ ಉಪಾಯ ಸಾಲದು: ಅಲ್ಲಿನ 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನೆ) ವಿದ್ಯುತ್ತಿನ ಆವರ್ತನೆಗಳನ್ನು ಎಣಿಸಿ ಓಡುವ ಗಡಿಯಾರ ನಮ್ಮ 50 ಹರ್ಟ್ಸ್‌ನಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸೀತೇ ಹೊರತು ಇದನ್ನು ಸರಿಪಡಿಸದು.