ಮಾರ್ಚ್ ತಿಂಗಳ ಬೇಸ್‌ಬಾಲ್: ಫೀನಿಕ್ಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಫೀನಿಕ್ಸ್ ಕಡೆಗೆ ಕೆಲಸಕ್ಕೆ ಬಂದ ನಮ್ಮವರಿಗೆ ಮೊದಲ ವರ್ಷ ಫೆಬ್ರವರಿಯಲ್ಲಿ ಒಂದು ವಿಷಯ ತಲೆಗೆ ಹತ್ತುವುದಿಲ್ಲ. ಅಲ್ಲಿಯವರೆಗೂ ಟ್ರಾಫಿಕ್, ಮನೆ ಬಾಡಿಗೆ ಅಂತ ಮಾತಾಡಿಕೊಂಡಿದ್ದ ಆಫೀಸಿನವರು ಇದ್ದಕ್ಕಿದ್ದಂತೆ ಯಾರದೋ ಮೊಣಕೈ ಬಗ್ಗೆ ಚಿಂತೆ ಮಾಡಲು ಶುರು ಮಾಡುತ್ತಾರೆ. ಇನ್ನೊಬ್ಬರು ಇಪ್ಪತ್ತೊಂದು ವರ್ಷದ ಯಾವುದೋ ಹುಡುಗನ ಹೆಸರು ಹೇಳಿ, ಈ ವರ್ಷ ನಮ್ಮನ್ನು ಕಾಪಾಡುವವನು ಇವನೇ ಅನ್ನುತ್ತಾರೆ. ಸ್ಪ್ರಿಂಗ್ ಟ್ರೈನಿಂಗ್, ಅಂದರೆ ಬೇಸ್‌ಬಾಲ್ ಸೀಸನ್‌ಗೆ ಮುಂಚಿನ ಅಭ್ಯಾಸ ಶಿಬಿರ, ಶುರುವಾಗಿದೆ ಅಂತ ತಿಳಿಯಿರಿ.

ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಅರ್ಧ ಫ್ಲೋರಿಡಾದಲ್ಲಿ ಅಭ್ಯಾಸ ಮಾಡುತ್ತವೆ, ಅದು ಗ್ರೇಪ್‌ಫ್ರೂಟ್ ಲೀಗ್. ಉಳಿದ 15 ತಂಡ ನಮ್ಮ ಫೀನಿಕ್ಸ್ ಸುತ್ತಮುತ್ತಲಿನ 10 ಮೈದಾನಗಳಿಗೆ ಬರುತ್ತವೆ, ಇದು ಕ್ಯಾಕ್ಟಸ್ ಲೀಗ್. ಫೆಬ್ರವರಿ ಮಧ್ಯದಲ್ಲಿ ಮೊದಲು ಪಿಚರ್‌ಗಳು (ಚೆಂಡು ಎಸೆಯುವವರು) ಮತ್ತು ಕ್ಯಾಚರ್‌ಗಳು (ಬ್ಯಾಟರ್ ಹಿಂದೆ ಕೂತು ಹಿಡಿಯುವವರು) ಬರುತ್ತಾರೆ. ಉಳಿದವರು ಕೆಲವೇ ದಿನಗಳಲ್ಲಿ ಸೇರಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಅಭ್ಯಾಸ ಪಂದ್ಯ ಶುರು. ಮಾರ್ಚ್ ಕೊನೆಯ ಹೊತ್ತಿಗೆ ನಿಜವಾದ ಸೀಸನ್, ಒಂದೊಂದು ತಂಡಕ್ಕೆ 162 ಪಂದ್ಯ. ಅಂದರೆ ನಾವು ಯುಗಾದಿ ಕಾರ್ಯಕ್ರಮಕ್ಕೆ ಹಾಡು, ನಾಟಕ, ಒಬ್ಬಟ್ಟಿನ ಲೆಕ್ಕ ಅಂತ ಒದ್ದಾಡುವ ತಿಂಗಳಲ್ಲೇ ಇಡೀ ಊರು ಇದರಲ್ಲಿ ಮುಳುಗಿರುತ್ತದೆ. ಶನಿವಾರ ಮಧ್ಯಾಹ್ನ ರಿಹರ್ಸಲ್ ಇಟ್ಟರೆ ಅರ್ಧ ಜನ ಯಾಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಈ ಮಾತುಕತೆಯಲ್ಲಿ ನೀವೂ ಸೇರಬೇಕು ಅಂದರೆ ಮೊದಲು ಒಂದು ಅಭ್ಯಾಸ ಬಿಡಬೇಕು. ನಿನ್ನೆ ಯಾರು ಗೆದ್ದರು ಅಂತ ಕೇಳಬೇಡಿ. ಮಾರ್ಚ್‌ನಲ್ಲಿ ಅದು ಯಾರಿಗೂ ಬೇಡ. ಇಲ್ಲಿ ಒಂಬತ್ತು ಇನ್ನಿಂಗ್ಸ್ ಮುಗಿದಾಗ ಸ್ಕೋರ್ ಸಮ ಇದ್ದರೆ ಎಷ್ಟೋ ಸಲ ಕೈ ಕುಲುಕಿ ಮನೆಗೆ ಹೋಗುತ್ತಾರೆ. ದೊಡ್ಡ ಹೆಸರಿನವರು ಐದನೇ ಇನ್ನಿಂಗ್ಸ್ ಹೊತ್ತಿಗೆ ಸ್ನಾನ ಮುಗಿಸಿ ಗಾಲ್ಫ್ ಆಡಲು ಹೊರಟಿರುತ್ತಾರೆ. ಕೆಲವು ದಿನ ಒಂದೇ ತಂಡ ಎರಡು ಭಾಗವಾಗಿ ಎರಡು ಊರಲ್ಲಿ ಆಡುತ್ತದೆ. ಇಂಥ ಕಡೆ ಸೋಲು-ಗೆಲುವಿಗೆ ಏನು ಬೆಲೆ? ಕೇಳಬೇಕಾದ ಪ್ರಶ್ನೆ ಬೇರೆ: "ಐದನೇ ಸ್ಟಾರ್ಟರ್ ಯಾರು?" ಇಷ್ಟು ಕೇಳಿ ಸುಮ್ಮನೆ ಕೂತುಬಿಡಿ. ಅರ್ಧ ಗಂಟೆಗೆ ಸಾಕಾಗುವಷ್ಟು ಮಾತು ಎದುರಿನವರಿಂದಲೇ ಬರುತ್ತದೆ.

ಯಾಕೆ ಅಂತ ಹೇಳುತ್ತೇನೆ. ಶಿಬಿರಕ್ಕೆ ಸುಮಾರು 60-70 ಆಟಗಾರರು ಬಂದಿರುತ್ತಾರೆ. ಸೀಸನ್ ಶುರುವಾಗುವಾಗ ಉಳಿಯುವುದು 26 ಜನ. ಅದರಲ್ಲಿ ಇಪ್ಪತ್ತರಷ್ಟು ಹೆಸರು ಶಿಬಿರ ಶುರುವಾಗುವ ಮೊದಲೇ ಖಚಿತ. ಜಗಳ ಎಲ್ಲ ಉಳಿದ ಐದಾರು ಜಾಗಕ್ಕೆ. ಸ್ಟಾರ್ಟರ್‌ಗಳು, ಅಂದರೆ ಪಂದ್ಯ ಶುರು ಮಾಡುವ ಪಿಚರ್‌ಗಳು, ಸಾಮಾನ್ಯವಾಗಿ ಐದು ಜನ, ಸರದಿಯಂತೆ ಎಸೆಯುತ್ತಾರೆ. ಮೊದಲ ಮೂವರು ಗೊತ್ತಿರುವವರೇ. ಐದನೆಯವನು ಯಾರು, ಬುಲ್‌ಪೆನ್‌ನಲ್ಲಿ (ಪಂದ್ಯದ ಮಧ್ಯೆ ಬಂದು ಎಸೆಯುವ ಪಿಚರ್‌ಗಳ ಗುಂಪು) ಕೊನೆಯ ಕುರ್ಚಿ ಯಾರಿಗೆ, ಬೆಂಚಿನಲ್ಲಿ ಎಡಗೈ ಬ್ಯಾಟರ್ ಬೇಕಾ ಬೇಡವಾ - ಇದೇ ಆರು ವಾರದ ಕಥೆ.

ಇದರಲ್ಲಿ ಆಟಕ್ಕಿಂತ ಜಾಸ್ತಿ ಕಾನೂನು ಇದೆ. ನಮ್ಮ ಐಟಿಯವರಿಗೆ ಇದು ಬೇಗ ಹಿಡಿಸುತ್ತದೆ, ವೀಸಾ ನಿಯಮಗಳನ್ನು ಕರಗತ ಮಾಡಿಕೊಂಡವರಲ್ವಾ! ತಂಡದ 40 ಜನರ ದೊಡ್ಡ ಪಟ್ಟಿಯಲ್ಲಿರುವ ಹುಡುಗನನ್ನು ಸಾಮಾನ್ಯವಾಗಿ ಮೂರು ಸೀಸನ್‌ಗಳಲ್ಲಿ ಮಾತ್ರ ಕೆಳಗಿನ ಲೀಗ್‌ಗೆ ಸಲೀಸಾಗಿ ಕಳಿಸಬಹುದು. ಅದಕ್ಕೆ ಆಪ್ಷನ್ ಅನ್ನುತ್ತಾರೆ. ಆಪ್ಷನ್ ಮುಗಿದವನನ್ನು ಕೆಳಗೆ ಕಳಿಸಲು ಹೋದರೆ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಹಾಗಾಗಿ ಚೆನ್ನಾಗಿ ಆಡಿದವನು ಕೆಳಗೆ ಹೋಗಿ, ಸುಮಾರಾಗಿ ಆಡಿದವನು ಉಳಿಯುವುದು ಮಾಮೂಲು. "ಅವನಿಗೆ ಆಪ್ಷನ್ ಇದೆಯಾ?" ಅಂತ ನೀವು ಕೇಳಿದ ದಿನ, ಪಕ್ಕದವರು ನಿಮ್ಮ ಕಡೆ ತಿರುಗಿ ಸರಿಯಾಗಿ ಕೂರುತ್ತಾರೆ. ಇನ್ನೊಂದು ಸೇವಾವಧಿಯ ಲೆಕ್ಕ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷ ಎಂದು ಲೆಕ್ಕ, ಅಂಥ ಆರು ವರ್ಷ ಆದ ಮೇಲೆ ಆಟಗಾರ ಬೇರೆ ತಂಡಕ್ಕೆ ಹೋಗಲು ಸ್ವತಂತ್ರ. ಕೆಲವು ತಂಡಗಳು ಒಳ್ಳೆಯ ಹುಡುಗನನ್ನು ಏಪ್ರಿಲ್‌ನಲ್ಲಿ ಕೆಲವು ವಾರ ಕೆಳಗೇ ಇಟ್ಟುಕೊಂಡು ಅವನನ್ನು ಇನ್ನೊಂದು ವರ್ಷ ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಹೊರಗೆ ಹೇಳುವುದು ಮಾತ್ರ "ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು" ಅಂತ. ಯಾರೂ ನಂಬುವುದಿಲ್ಲ.

ನಮ್ಮ ಊರಿನ ತಂಡ ಅರಿಜೋನಾ ಡೈಮಂಡ್‌ಬ್ಯಾಕ್ಸ್. ಬಾಯಿಮಾತಿನಲ್ಲಿ ಡೀ-ಬ್ಯಾಕ್ಸ್. ಇವರ ಅಭಿಮಾನಿಗಳಿಗೆ ಆಸೆ ಯಾಕೆ ಸಾಯುವುದಿಲ್ಲ ಅಂತ ತಿಳಿಯಲು 2023 ನೋಡಬೇಕು. 2021ರಲ್ಲಿ ಈ ತಂಡ 110 ಪಂದ್ಯ ಸೋತಿತ್ತು. 2023ರ ಮಾರ್ಚ್‌ನಲ್ಲಿ, ಸ್ಪ್ರಿಂಗ್ ಟ್ರೈನಿಂಗ್ ನಡೆಯುತ್ತಿದ್ದಾಗಲೇ, ಕಾರ್ಬಿನ್ ಕ್ಯಾರೋಲ್ ಎಂಬ ಹುಡುಗನಿಗೆ ಎಂಟು ವರ್ಷಕ್ಕೆ 111 ಮಿಲಿಯನ್ ಡಾಲರ್ ಒಪ್ಪಂದ ಕೊಟ್ಟರು. ಆಗ ಅವನು ಮೇಜರ್ ಲೀಗ್‌ನಲ್ಲಿ ಆಡಿದ್ದು ಬರೀ 32 ಪಂದ್ಯ. ದುಡ್ಡು ನೀರಿಗೆ ಹಾಕಿದರು ಅಂದವರೂ ಇದ್ದರು, ಅಗ್ಗಕ್ಕೆ ಸಿಕ್ಕಿಬಿಟ್ಟ ಅಂದವರೂ ಇದ್ದರು. ಆ ವರ್ಷ ಅವನು 25 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ, 54 ಬೇಸ್ ಕದ್ದ (ಯಾರೂ ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಸೇರುವುದು), ಒಂದು ಮತವೂ ಆಚೀಚೆ ಆಗದೆ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ. ತಂಡ 84 ಗೆದ್ದು 78 ಸೋತು, ಹೇಗೋ ಕೊನೆಯ ಬಾಗಿಲಿನಿಂದ ಪ್ಲೇಆಫ್‌ಗೆ ನುಗ್ಗಿ, ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ತನಕ ಹೋಯಿತು. ಅಲ್ಲಿ ಟೆಕ್ಸಸ್ ರೇಂಜರ್ಸ್ ಎದುರು ಸೋತಿತು, ಅದು ಬೇರೆ ಮಾತು. ಆದರೆ ದಾರಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಮೂರಕ್ಕೆ ಮೂರು ಸೋಲಿಸಿತ್ತು. ಮೂರನೇ ಪಂದ್ಯದಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ನಾಲ್ಕು ಹೋಮ್ ರನ್: ಪೆರ್ಡೋಮೊ, ಮಾರ್ಟೆ, ವಾಕರ್, ಮೊರೆನೊ. ಈ ನಾಲ್ಕು ಹೆಸರು ಇದೇ ಕ್ರಮದಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಯಾವ ಮದುವೆ, ಯಾವ ಬಾರ್ಬೆಕ್ಯೂನಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಡಾಡ್ಜರ್ಸ್ ಅಂದೆ. ಅವರ ನೀಲಿ ಟೋಪಿ ಚೆನ್ನಾಗಿದೆ ಅಂತ ಅಂಗಡಿಯಲ್ಲಿ ಕೊಂಡುಬಿಡಬೇಡಿ. 2013ರ ಸೆಪ್ಟೆಂಬರ್‌ನಲ್ಲಿ ಅವರು ಇಲ್ಲಿ ಗೆದ್ದು, ಡೀ-ಬ್ಯಾಕ್ಸ್‌ನ ತವರು ಮೈದಾನ ಚೇಸ್ ಫೀಲ್ಡ್‌ನಲ್ಲಿರುವ ಈಜುಕೊಳಕ್ಕೆ ಹಾರಿ ಕುಣಿದಿದ್ದರು. ಇಲ್ಲಿಯವರು ಅದನ್ನು ಇನ್ನೂ ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ. ನೋಡಲು ಹೋಗುವುದಕ್ಕೆ ಅಡ್ಡಿಯಿಲ್ಲ. ಅವರ ಶಿಬಿರ ಗ್ಲೆಂಡೇಲ್ ಕಡೆಯ ಕ್ಯಾಮೆಲ್‌ಬ್ಯಾಕ್ ರಾಂಚ್‌ನಲ್ಲಿದೆ. ಅವರ ಜಪಾನಿ ತಾರೆ ಶೋಹೆ ಒಟಾನಿಯನ್ನು ನೋಡಲು ಜಪಾನಿನ ಪತ್ರಕರ್ತರ ದಂಡೇ ಅಲ್ಲಿರುತ್ತದೆ.

ಈಗ ಮೊಣಕೈ ವಿಚಾರ. ಪಿಚರ್‌ಗೆ "ಮುಂಗೈ ಸ್ವಲ್ಪ ಬಿಗಿಯಾಗಿದೆ, ಎಂಆರ್‌ಐ ಮಾಡಿಸುತ್ತಿದ್ದೇವೆ" ಅಂತ ಸುದ್ದಿ ಬಂದರೆ ಆಫೀಸಿನಲ್ಲಿ ಸೂತಕ. ಮುಂದಿನ ಮಾತು ಟಾಮಿ ಜಾನ್ ಸರ್ಜರಿ, ಅಂದರೆ ಮೊಣಕೈ ಅಸ್ಥಿರಜ್ಜು ಬದಲಿಸುವುದು. ವರ್ಷವೋ ಅದಕ್ಕಿಂತ ಜಾಸ್ತಿಯೋ ಹೋಯಿತು. 2024ರ ಡಿಸೆಂಬರ್‌ನಲ್ಲಿ ಡೀ-ಬ್ಯಾಕ್ಸ್ ಕಾರ್ಬಿನ್ ಬರ್ನ್ಸ್‌ಗೆ ಆರು ವರ್ಷಕ್ಕೆ 210 ಮಿಲಿಯನ್ ಕೊಟ್ಟು ಕರೆತಂದರು. 2025ರ ಮಾರ್ಚ್‌ನಲ್ಲಿ ಕಪ್ ನಮ್ಮದೇ ಅನ್ನುವ ಹುಮ್ಮಸ್ಸು ಇತ್ತು. ಜೂನ್‌ನಲ್ಲಿ ಅವನಿಗೆ ಅದೇ ಸರ್ಜರಿ ಆಯಿತು. ತಂಡ 80 ಗೆದ್ದು 82 ಸೋತಿತು. "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದ ಆರ್‌ಸಿಬಿಯವರಿಗೆ ಈ ಜನರ ಪಾಡು ವಿವರಿಸಬೇಕಾಗಿಲ್ಲ.

ಮಾರ್ಚ್‌ನ ಅಂಕಿಅಂಶ ನಂಬಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಹೇಳಿದ ಮರುಕ್ಷಣ ಎಲ್ಲರೂ ನಂಬುತ್ತಾರೆ. 2011ರಲ್ಲಿ ಫ್ಲೋರಿಡಾದಲ್ಲಿ ಬಾಲ್ಟಿಮೋರ್ ತಂಡದ ಜೇಕ್ ಫಾಕ್ಸ್ 10 ಹೋಮ್ ರನ್ ಹೊಡೆದಿದ್ದ. ಸೀಸನ್ ಅರ್ಧ ಆಗುವ ಹೊತ್ತಿಗೆ ತಂಡದಲ್ಲೇ ಇರಲಿಲ್ಲ. ಇಲ್ಲಿ ಅರಿಜೋನಾದಲ್ಲಂತೂ ಒಣ ಗಾಳಿ. ಚೆಂಡು ದೂರ ಹೋಗುತ್ತದೆ, ತಿರುವಿನ ಎಸೆತ ಅಷ್ಟಾಗಿ ತಿರುಗುವುದಿಲ್ಲ. ಪಿಚರ್ ಹೊಡೆಸಿಕೊಂಡ ಅಂದರೆ ಕೆಟ್ಟದಾಗಿ ಎಸೆದ ಅಂತಲೂ ಅಲ್ಲ. ಚಳಿಗಾಲದಲ್ಲಿ ಕಲಿತ ಹೊಸ ಎಸೆತವೊಂದನ್ನೇ ಮತ್ತೆ ಮತ್ತೆ ಪ್ರಯೋಗ ಮಾಡುತ್ತಿರಬಹುದು. ಅನುಭವಸ್ಥರು ನೋಡುವುದು ಸ್ಕೋರ್ ಅಲ್ಲ, ಬೋರ್ಡಿನ ಮೂಲೆಯಲ್ಲಿ ಬರುವ ವೇಗ. ಕಳೆದ ವರ್ಷ ಗಂಟೆಗೆ 94 ಮೈಲಿ ವೇಗದಲ್ಲಿ ಎಸೆಯುತ್ತಿದ್ದವನು ಈಗ 96 ಎಸೆದರೆ ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಾರೆ. 92ಕ್ಕೆ ಇಳಿದರೆ ಯಾರೂ ಮಾತಾಡುವುದಿಲ್ಲ.

ಡೀ-ಬ್ಯಾಕ್ಸ್ ಮತ್ತು ಕೊಲರಾಡೊ ರಾಕೀಸ್ ಇಬ್ಬರದೂ ಶಿಬಿರ ಸ್ಕಾಟ್ಸ್‌ಡೇಲ್ ಪಕ್ಕದ ಸಾಲ್ಟ್ ರಿವರ್ ಫೀಲ್ಡ್ಸ್‌ನಲ್ಲಿ. ಸಾಲ್ಟ್ ರಿವರ್ ಪೀಮಾ-ಮರಿಕೋಪಾ ಮೂಲನಿವಾಸಿಗಳ ನೆಲದಲ್ಲಿ 2011ರಲ್ಲಿ ಶುರುವಾದ ಜಾಗ. ಹೊಸಬರು ಔಟ್‌ಫೀಲ್ಡ್ ಹಿಂದಿನ ಹುಲ್ಲಿನ ದಿಬ್ಬದ ಟಿಕೆಟ್ ತೆಗೆದುಕೊಳ್ಳಿ. ಅಗ್ಗ, ಜಮಖಾನ ಹಾಸಿ ಕೂರಬಹುದು, ಮಕ್ಕಳು ಓಡಾಡಬಹುದು. ಆದರೆ ಬಿಸಿಲು. ಪಂದ್ಯ ಹೆಚ್ಚಾಗಿ ಮಧ್ಯಾಹ್ನ ಒಂದರ ಸುಮಾರಿಗೆ ಶುರು. ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ದಿಬ್ಬ ಬೇಡ. ಮೂರನೇ ಬೇಸ್ ಕಡೆ, ಹಿಂದಿನ ಸಾಲಿನ ಕುರ್ಚಿ ತೆಗೆದುಕೊಳ್ಳಿ, ಸಾಮಾನ್ಯವಾಗಿ ಅಲ್ಲಿಗೆ ನೆರಳು ಬೇಗ ಬರುತ್ತದೆ. ಶನಿವಾರ-ಭಾನುವಾರ ಬಿಟ್ಟು ವಾರದ ಮಧ್ಯೆ ಹೋದರೆ ದುಡ್ಡೂ ಉಳಿಯುತ್ತದೆ. ಮೆಸಾದ ಸ್ಲೋನ್ ಪಾರ್ಕ್‌ನಲ್ಲಿ ಶಿಕಾಗೊ ಕಬ್ಸ್ ಆಡುವ ದಿನ ಮಾತ್ರ ಟಿಕೆಟ್ ಮೊದಲೇ ತೆಗೆದಿಡಿ. ಚಳಿಗೆ ಹೆದರಿ ಇಲ್ಲಿಗೆ ಬಂದು ಕೂತ ಅರ್ಧ ಶಿಕಾಗೊ ಅಲ್ಲಿರುತ್ತದೆ.

ಊಟದ ವಿಷಯ. ಪುಳಿಯೋಗರೆ ಡಬ್ಬಿ ಒಳಗೆ ಬಿಡುತ್ತಾರಾ ಅನ್ನುವುದು ಮೈದಾನದಿಂದ ಮೈದಾನಕ್ಕೆ ಬೇರೆ. ಚೀಲದ ಅಳತೆಗೂ ನಿಯಮ ಇದೆ. ಹೊರಡುವ ಮೊದಲು ಅವರವರ ವೆಬ್‌ಸೈಟ್ ನೋಡಿ. ಒಳಗೆ ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಜೆಲ್, ನಾಚೋಸ್, ಮತ್ತೆ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ. ಸಿಪ್ಪೆ ಕಾಲಬುಡದಲ್ಲೇ ಹಾಕುವುದು ಇಲ್ಲಿನ ಪದ್ಧತಿ. ಸುಮ್ನೆ ಕವರ್ ಹುಡುಕುತ್ತಾ ಕೂರಬೇಡಿ.

ನಿಮ್ಮ ಅಕ್ಕಪಕ್ಕ ಕೂರುವವರಲ್ಲಿ ಚಳಿಗಾಲ ಕಳೆಯಲು ಉತ್ತರದಿಂದ ಬಂದ ನಿವೃತ್ತರು ಜಾಸ್ತಿ. ಅವರಷ್ಟು ಒಳ್ಳೆಯ ಮೇಷ್ಟರು ಸಿಗುವುದಿಲ್ಲ. ಒಮ್ಮೆ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಸ್ಕೋರ್‌ಕಾರ್ಡ್, ಕಿವಿಯ ಹಿಂದೆ ಪೆನ್ಸಿಲ್. ಏಳನೇ ಇನ್ನಿಂಗ್ಸ್‌ನಲ್ಲಿ ಬೆನ್ನ ಮೇಲೆ ಹೆಸರಿಲ್ಲದ, ಬರೀ 89 ನಂಬರಿನ ಹುಡುಗ ಒಳಗೆ ಬಂದ. ಅಜ್ಜಿ ಪಟ್ಟಿ ನೋಡದೆ ಅವನ ಊರು, ವಯಸ್ಸು, ಯಾವ ಸುತ್ತಿನಲ್ಲಿ ಆಯ್ಕೆಯಾದ ಎಲ್ಲ ಹೇಳಿದರು. "ಏಪ್ರಿಲ್‌ನಲ್ಲಿ ಅಮರಿಲೊ, ಜುಲೈಗೆ ರೀನೊ, ಆಮೇಲೆ ನೋಡೋಣ" ಅಂದರು. ಇವು ಡೀ-ಬ್ಯಾಕ್ಸ್‌ನ ಕೆಳಗಿನ ತಂಡಗಳ ಊರು: ಡಬಲ್-ಎ ಅಮರಿಲೊದಲ್ಲಿ, ಅದಕ್ಕೂ ಮೇಲಿನ, ಮೇಜರ್ ಲೀಗ್‌ನ ಪಕ್ಕದ ಮೆಟ್ಟಿಲಾದ ಟ್ರಿಪಲ್-ಎ ರೀನೊದಲ್ಲಿ. ಹುಡುಗ ಮೂರೇ ಎಸೆತಕ್ಕೆ ಔಟಾದ. ಅಜ್ಜಿ "ಜುಲೈ" ಅನ್ನುವುದನ್ನು ಆಗಸ್ಟ್ ಮಾಡಿದರು.

ಇಂಥ ಭರವಸೆಯ ಹುಡುಗರನ್ನು ಪ್ರಾಸ್ಪೆಕ್ಟ್ ಅನ್ನುತ್ತಾರೆ. ಅವರ ಬಗ್ಗೆ ಮಾತಾಡುವಾಗ ಸ್ವಲ್ಪ ಹುಷಾರು, ಇದು ಅಭಿಮಾನಿಗಳಿಗೆ ಮನೆಮಕ್ಕಳ ವಿಷಯ ಇದ್ದಂತೆ. ಡೀ-ಬ್ಯಾಕ್ಸ್‌ನ ಜೋರ್ಡನ್ ಲಾಲರ್ 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಆರನೆಯ ಆಯ್ಕೆ. ಗಾಯದ ಮೇಲೆ ಗಾಯ. ಕಾಯಬೇಕು ಅನ್ನುವವರು, ಬೆಲೆ ಇರುವಾಗಲೇ ಬೇರೆ ತಂಡಕ್ಕೆ ಕೊಟ್ಟು ಒಳ್ಳೆಯ ಪಿಚರ್ ತರಬೇಕಿತ್ತು ಅನ್ನುವವರು, ಎರಡೂ ಪಂಗಡ ಪ್ರತಿ ಆಫೀಸಿನಲ್ಲಿವೆ. ನನ್ನನ್ನು ಕೇಳಿದರೆ ಕಾಯುವವರ ಕಡೆ ನಾನು. ಬ್ರ್ಯಾಂಡನ್ ಫಾಟ್ ಎಂಬ ಪಿಚರ್ 2023ರಲ್ಲಿ ಮೇಲೆ ಬಂದು, ಚೆನ್ನಾಗಿ ಹೊಡೆಸಿಕೊಂಡು, ಕೆಳಗೆ ಹೋಗಿ, ಮತ್ತೆ ಬಂದ. ಅಕ್ಟೋಬರ್‌ನಲ್ಲಿ ದೊಡ್ಡ ಪಂದ್ಯಗಳಲ್ಲಿ ತಂಡ ಚೆಂಡು ಕೊಟ್ಟಿದ್ದು ಅವನ ಕೈಗೇ.

ಕ್ರಿಕೆಟ್ ಕಣ್ಣಿನಿಂದ ನೋಡುವವರಿಗೆ ಬೇಗ ಹಿಡಿಸುವ ಸಂಗತಿಯೂ ಒಂದಿದೆ. ಬ್ಯಾಟರ್ ತಲೆಯ ಮೇಲೆ ಕೈ ತಟ್ಟಿಕೊಂಡರೆ ತಲೆನೋವು ಅಲ್ಲ, ಅಂಪೈರ್ ತೀರ್ಪಿಗೆ ಚಾಲೆಂಜ್. ನಮ್ಮ ಡಿಆರ್‌ಎಸ್ ಹಾಗೆಯೇ. ತಂಡಕ್ಕೆ ಎರಡು, ಸರಿಯಾದರೆ ಕಳೆದುಕೊಳ್ಳುವುದಿಲ್ಲ. ಡಗೌಟ್ ಕಡೆ ನೋಡಿ ಸಲಹೆ ಕೇಳುವಂತಿಲ್ಲ. 2025ರ ಸ್ಪ್ರಿಂಗ್‌ನಲ್ಲಿ ಪರೀಕ್ಷೆ ಮಾಡಿ, 2026ರಿಂದ ಸೀಸನ್‌ಗೂ ತಂದಿದ್ದಾರೆ. 2023ರಲ್ಲಿ ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೆ ಸಮಯದ ಮಿತಿ) ಬಂದಾಗಲೂ ಮೊದಲ ಗಲಾಟೆ ಆಗಿದ್ದು ಸ್ಪ್ರಿಂಗ್‌ನಲ್ಲೇ. ಫ್ಲೋರಿಡಾದಲ್ಲಿ ಕೊನೆಯ ಇನ್ನಿಂಗ್ಸ್, ಬೇಸ್‌ಗಳೆಲ್ಲ ಭರ್ತಿ, ಸ್ಕೋರ್ 6-6, ಬ್ಯಾಟರ್ ಸಮಯಕ್ಕೆ ತಯಾರಾಗಲಿಲ್ಲ ಅಂತ ಔಟ್. ಪಂದ್ಯ ಅಲ್ಲಿಗೇ ಮುಗಿಯಿತು.

ಬೇಸ್‌ಬಾಲ್ ನಮ್ಮವರ ಆಟ ಅಲ್ಲ ಅನ್ನುವವರಿಗೆ ಒಂದು ಹೆಸರು ಹೇಳಿ: ಅರ್ಜುನ್ ನಿಮ್ಮಲ. ಭಾರತೀಯ ಮೂಲದ ಫ್ಲೋರಿಡಾ ಹುಡುಗ, ಶಾರ್ಟ್‌ಸ್ಟಾಪ್ (ಎರಡನೇ-ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್). 2023ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ, 20ನೆಯ ಆಯ್ಕೆಯಾಗಿ, ಟೊರಾಂಟೊ ಬ್ಲೂ ಜೇಸ್ ಅವನನ್ನು ತೆಗೆದುಕೊಂಡಿತು. ಶನಿವಾರ ಬೆಳಿಗ್ಗೆ ಲಿಟ್ಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್‌ಗೆ ಮಕ್ಕಳನ್ನು ಬಿಡಲು ಹೋಗುವ ನಮ್ಮ ಅಪ್ಪಂದಿರಿಗೆ ಅವನ ಅಂಕಿಅಂಶ ಈಗ ಬಾಯಿಪಾಠ.

ಮಕ್ಕಳನ್ನು ಕರೆದುಕೊಂಡು ಹೋದರೆ ಗೇಟು ತೆಗೆಯುವ ಹೊತ್ತಿಗೇ ಹೋಗಿ. ಒಂದು ಚೆಂಡು, ಒಂದು ಮಾರ್ಕರ್ ಪೆನ್ ಕೊಟ್ಟು ಫೌಲ್ ಲೈನ್ ಪಕ್ಕದ ಬೇಲಿ ಹತ್ತಿರ ನಿಲ್ಲಿಸಿ. ದೊಡ್ಡವರು ಕೈಬೀಸಿ ಹೋದರೂ 80ರ ಮೇಲಿನ ನಂಬರಿನ ಹುಡುಗರು ಖಂಡಿತ ನಿಲ್ಲುತ್ತಾರೆ, ಹೆಸರು ಕೇಳಿ ಸಹಿ ಹಾಕುತ್ತಾರೆ. ಆ ಚೆಂಡಿನ ಮೇಲೆ ತಾರೀಖು, ನಂಬರು ನೀವೇ ಬರೆದಿಡಿ, ಸಹಿ ಯಾರದ್ದು ಅಂತ ಆಮೇಲೆ ಯಾರಿಗೂ ಓದಲು ಬರುವುದಿಲ್ಲ. ಪಂದ್ಯ ನಡೆಯುವಾಗ ಫೋನು ಒಳಗಿಡಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗೆರೆಯಾಚೆ ಪ್ರೇಕ್ಷಕರ ಕಡೆ ಹಾರುವ ಫೌಲ್ ಬಾಲ್ ಬರುವುದು ಕೂಗಿ ಹೇಳಿ ಅಲ್ಲ.