ಪಿಸಿಎಂ ಓದಿದವನು ಬಿಸಿಲಿನ ಲೆಕ್ಕಕ್ಕೆ ಕೂತಿದ್ದು

ನಾಳೆ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂಕಾಲರ ತನಕ ಒಂದು ಸೋಲಾರ್ ಪ್ಲಾಂಟ್ ಎಷ್ಟು ಕರೆಂಟ್ ಕೊಡುತ್ತದೆ? ಇದನ್ನು ಇವತ್ತೇ ಹೇಳುವುದು ನನ್ನ ಕೆಲಸ. ದಿನವೆಂದರೆ ನಮಗೆ ಹದಿನೈದು ನಿಮಿಷದ 96 ತುಂಡು. ಪ್ರತಿ ತುಂಡಿಗೂ ಒಂದು ಅಂಕಿ ಬರೆದು, ರಾಜ್ಯದ ಕರೆಂಟಿನ ಹಂಚಿಕೆ ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗೆ ಕಳಿಸಬೇಕು. ಮಿತಿ ಮೀರಿ ತಪ್ಪಿದರೆ ಪ್ಲಾಂಟ್‌ನವರು ದಂಡ ಕಟ್ಟಬೇಕು. ಊರಲ್ಲಿ ಇದನ್ನು ಹೇಳಿದರೆ "ಹಂಗಾದ್ರೆ ಪಂಚಾಂಗ ಬರೀತೀಯ ಅನ್ನು" ಅಂತಾರೆ. ಹೆಚ್ಚು ಕಡಿಮೆ ಸರಿಯೇ. ಇಂಥ ಕೆಲಸಕ್ಕೆ ಬರಲು ಡಿಗ್ರಿಯಲ್ಲಿ ಯಾವ ವಿಷಯ ತಗೊಳ್ಳಬೇಕು ಅಂತ ಕೇಳುವವರಿಗೆ ನನ್ನ ಕಥೆಯನ್ನೇ ಹೇಳುತ್ತೇನೆ.

ನಮ್ಮೂರು ಚಳ್ಳಕೆರೆ ಹತ್ತಿರ. ಶೇಂಗಾ ಹೊಲ, ಬೋರ್‌ವೆಲ್, ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ಹೊರಡುವ ಅಪ್ಪ. ಚಿತ್ರದುರ್ಗಕ್ಕೆ ಬಸ್ಸಲ್ಲಿ ಹೋಗುವಾಗ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಇಷ್ಟು ಕರೆಂಟ್ ಅಲ್ಲೇ ಹುಟ್ಟುವಾಗ ನಮಗ್ಯಾಕೆ ರಾತ್ರಿ ಪಾಳಿ ಅನ್ನುವುದು ಹುಡುಗುತನದ ಪ್ರಶ್ನೆ. ಕರೆಂಟಿನ ಕೆಲಸವೇ ಬೇಕು ಅಂತ ಅನಿಸಿದ್ದು ಅಲ್ಲಿಂದ.

2012ರಲ್ಲಿ ಪಿಯುಸಿ ಮುಗಿಯಿತು. ಸಿಇಟಿ ರ‍್ಯಾಂಕಿಗೆ ಸರ್ಕಾರಿ ಕಾಲೇಜಿನ ಎಲೆಕ್ಟ್ರಿಕಲ್ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಫೀಸು ಕೇಳಿ ಅಪ್ಪ ಸುಮ್ಮನಾದರು. ಬಿಎಸ್ಸಿಗೆ ಹೋದೆ. ನನಗೆ ಬೇಕಿದ್ದುದು ಪಿಎಂಇ, ಅಂದರೆ ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಕರೆಂಟಿಗೆ ಹತ್ತಿರ ಅಂತ. ಅಮ್ಮನಿಗೆ ಬೇಕಿದ್ದುದು ಪಿಸಿಎಂ, ಅಂದರೆ ಎಲೆಕ್ಟ್ರಾನಿಕ್ಸ್ ಬದಲು ಕೆಮಿಸ್ಟ್ರಿ. ಮುಂದೆ ಬಿಎಡ್ ಮಾಡಿ ಹೈಸ್ಕೂಲ್ ಮೇಷ್ಟ್ರಾಗಬಹುದಲ್ಲ. ಅಮ್ಮ ಗೆದ್ದರು. ದೂರದೃಷ್ಟಿ ಗೀರದೃಷ್ಟಿ ಏನೂ ಇರಲಿಲ್ಲ.

ಕೆಮಿಸ್ಟ್ರಿಯನ್ನು ಮೂರು ವರ್ಷ ಬೈದುಕೊಂಡೇ ಓದಿದೆ. ಈಗ ಸೋಲಾರ್ ಜೊತೆ ಬ್ಯಾಟರಿಯೂ ಬರುತ್ತಿದೆ. ಬಿಸಿಗೆ ಬ್ಯಾಟರಿ ಯಾಕೆ ಬೇಗ ಸವೆಯುತ್ತದೆ ಅಂತ ಯೋಚಿಸುವಾಗ ಆ ಹಳೆ ನೋಟ್ಸೇ ಗತಿ. ನಮ್ಮ ಕ್ಲಾಸಿನ ಒಬ್ಬ ಎಂಎಸ್ಸಿ ಕೆಮಿಸ್ಟ್ರಿ ಮಾಡಿ ಥರ್ಮಲ್ ಪ್ಲಾಂಟ್‌ನ ಲ್ಯಾಬ್ ಸೇರಿದ. ಬಾಯ್ಲರ್ ನೀರಲ್ಲಿ ಸಿಲಿಕಾ ಉಳಿದರೆ ಹಬೆಯ ಜೊತೆ ಹೋಗಿ ಟರ್ಬೈನ್ ಬ್ಲೇಡಿಗೆ ಕಟ್ಟಿಕೊಳ್ಳುತ್ತದೆ. ಅದನ್ನು ದಿನಾ ಕಾಯುವುದು ಅವನ ಕೆಲಸ. ಪವರ್ ಪ್ಲಾಂಟ್ ಅಂದರೆ ಎಲೆಕ್ಟ್ರಿಕಲ್‌ನವರದ್ದು ಅಂತಷ್ಟೇ ಅಂದುಕೊಂಡಿದ್ದೆ ನಾನು.

ಆದರೆ ಬಿಎಸ್ಸಿಯವರಿಗೆ ಎಲ್ಲ ಬಾಗಿಲೂ ತೆರೆದಿವೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಪಿಟಿಸಿಎಲ್, ಬೆಸ್ಕಾಂನಲ್ಲಿ ಎಇ (ಸಹಾಯಕ ಎಂಜಿನಿಯರ್) ಆಗುವುದೇ ಗುರಿಯಾದರೆ ಬಿಎಸ್ಸಿಗೆ ಬರಬೇಡಿ, ಅದಕ್ಕೆ ಬಿಇ ಬೇಕು. ಆದರೆ ಕೈಗಾ ಅಣುಸ್ಥಾವರ ನಡೆಸುವ ಎನ್‌ಪಿಸಿಐಎಲ್ ಬಿಎಸ್ಸಿಯವರನ್ನೂ ಸ್ಟೈಪೆಂಡಿಯರಿ ಟ್ರೇನಿಯಾಗಿ, ಅಂದರೆ ಭತ್ಯೆ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತದೆ. ನಾನು ಒಮ್ಮೆ ಅದರ ಪರೀಕ್ಷೆ ಬರೆದೆ, ಆಗಲಿಲ್ಲ. ಎಂಎಸ್ಸಿ ಭೌತಶಾಸ್ತ್ರಕ್ಕೆ ಹೋದೆ. ಅದು ಮುಗಿದ 2017ರಲ್ಲೇ ಕರ್ನಾಟಕದಲ್ಲಿ ಗಾಳಿ, ಸೋಲಾರ್ ಪ್ಲಾಂಟ್‌ಗಳು ಮುಂಚಿತವಾಗಿ ಅಂದಾಜು ಕೊಡಬೇಕೆಂಬ ನಿಯಮ ಜಾರಿಗೆ ಬಂತು. ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಲೆಕ್ಕ ಬಲ್ಲವರು ಬೇಕಿತ್ತು. ಇದು ಅದೃಷ್ಟ, ನನ್ನ ಜಾಣತನವಲ್ಲ.

ಮೊದಲ ದಿನಗಳಲ್ಲಿ ಗಣಿತ ಕೈ ಹಿಡಿಯಿತು. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಇದ್ದುದು 7 ಆದರೆ 216 ಹೋಗಿ 343, ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹಾಗಾಗಿ ಗಾಳಿಯ ಅಂದಾಜಿನಲ್ಲಿ ಸ್ವಲ್ಪ ತಪ್ಪಿದರೂ ಕರೆಂಟಿನ ಅಂದಾಜಿನಲ್ಲಿ ಭಾರಿ ತಪ್ಪುತ್ತದೆ.

ಭೌತಶಾಸ್ತ್ರ ಯಾಕೆ ಬೇಕು ಅಂತ ಗೊತ್ತಾಗಿದ್ದು ಒಂದು ಏಪ್ರಿಲ್‌ನಲ್ಲಿ. ಪಾವಗಡ ಕಡೆಯ ಒಂದು ಪ್ಲಾಂಟಿನ ಡೇಟಾ ನೋಡುತ್ತಿದ್ದೆ. ಬಿದ್ದ ಬಿಸಿಲಿಗೆ ಬರಬೇಕಾದ ಕರೆಂಟಲ್ಲಿ ಎಷ್ಟು ಪಾಲು ನಿಜಕ್ಕೂ ಬಂತು ಅನ್ನುವುದಕ್ಕೆ ನಾವು ಪಿಆರ್ ಅಂತೀವಿ. ಅದು ಶೇ 95 ತೋರಿಸುತ್ತಿತ್ತು. ಎಲ್ಲರಿಗೂ ಖುಷಿ. ನಾನೂ ಅದನ್ನೇ ಹಾಕಿ ಮೂರು ವಾರ ಅಂದಾಜು ಕಳಿಸಿದೆ. ಹೊಸ ಮಾಡೆಲ್ ಚೆನ್ನಾಗಿದೆ ಅಂತ ಬೆನ್ನು ತಟ್ಟಿಸಿಕೊಂಡೆ ಕೂಡ.

ಒಂದು ರಾತ್ರಿ ಊಟ ಮಾಡುವಾಗ ಹೊಳೆಯಿತು, ಇದು ಆಗೋಕೆ ಸಾಧ್ಯವಿಲ್ಲವಲ್ಲ! ಪ್ಯಾನೆಲ್ ಮೇಲೆ ಬರೆದಿರುವ ವಾಟ್ ಲೆಕ್ಕ ಸೆಲ್ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಆ ಸೆಲ್ 60 ಡಿಗ್ರಿ ಮುಟ್ಟುತ್ತದೆ. ಆ ಪ್ಯಾನೆಲ್‌ಗಳಲ್ಲಿ ಒಂದೊಂದು ಡಿಗ್ರಿಗೆ ಸುಮಾರು ಶೇ 0.4 ಇಳಿಯುತ್ತದೆ. 35 ಡಿಗ್ರಿಗೆ ಶೇ 14. ಬಿಸಿಗೇ ಅಷ್ಟು ಹೋದ ಮೇಲೆ 95 ಎಲ್ಲಿಂದ ಬಂತು? ಬೆಳಿಗ್ಗೆ ಸೈಟಿಗೆ ಫೋನ್ ಮಾಡಿದೆ. ಟೆಕ್ನಿಷಿಯನ್ ಅಣ್ಣ ಹೋಗಿ ನೋಡಿ, "ಸಾರ್, ಬಿಸಿಲು ಅಳೆಯೋ ಗಾಜಿನ ಬುರುಡೆ ಮೇಲೆ ಒಂದು ಪದರ ಧೂಳು" ಅಂದರು. ಪೈರನೋಮೀಟರ್ ಅದು. ಪ್ಯಾನೆಲ್ ತೊಳೆಯುತ್ತಿದ್ದರು, ಅದನ್ನು ಒರೆಸಿರಲಿಲ್ಲ. ಬಿಸಿಲನ್ನೇ ಕಡಿಮೆ ತೋರಿಸಿ ಪ್ಲಾಂಟನ್ನು ಜಾಣ ಮಾಡಿಬಿಟ್ಟಿತ್ತು.

ನನಗೆ ಆಗ ನೆನಪಾಗಿದ್ದು ಬಿಎಸ್ಸಿ ಲ್ಯಾಬ್. ಸೆಮಿಕಂಡಕ್ಟರ್‌ನ ಎನರ್ಜಿ ಗ್ಯಾಪ್ ಕಂಡುಹಿಡಿಯುವ ಪ್ರಯೋಗ. ಜರ್ಮೇನಿಯಂಗೆ 0.7 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಬರಬೇಕು. ನನಗೆ 1.4 ಬಂತು. ಸೀನಿಯರ್ ರೆಕಾರ್ಡ್ ನೋಡಿ 0.71 ಅಂತ ಬರೆದು ಸಹಿ ಹಾಕಿಸಿಕೊಂಡೆ. ಯಾಕೆ ಎರಡು ಪಟ್ಟು ಬಂತು ಅಂತ ಅವತ್ತು ಹುಡುಕಿದ್ದರೆ, ಧೂಳು ಹಿಡಿಯಲು ಮೂರು ವಾರ ಬೇಕಾಗುತ್ತಿರಲಿಲ್ಲವೋ ಏನೋ. ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ಈಗ ನಾನು ಇದನ್ನೇ ಹೇಳುತ್ತೇನೆ. ಯಾವ ಅಂಕಿ ಬರಲು ಸಾಧ್ಯವೇ ಇಲ್ಲ ಅಂತ ಗೊತ್ತು ಮಾಡಿಸುವ ವಿಷಯ ತಗೊಳ್ಳಿ. ಕಂಪ್ಯೂಟರ್ ಸೈನ್ಸ್ ಓದಿದ ನನ್ನ ಸಹೋದ್ಯೋಗಿ ನನಗಿಂತ ಹತ್ತು ಪಟ್ಟು ಚೆನ್ನಾಗಿ ಕೋಡ್ ಬರೆಯುತ್ತಾನೆ. 95 ನೋಡಿ ಅವನಿಗೆ ಅನುಮಾನ ಬರಲಿಲ್ಲ. ನನಗೆ ತಡವಾಗಿ ಬಂತು.

ಕೊರತೆಗಳೂ ಇದ್ದವು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ, ರಾತ್ರಿ ಕೂತು, ಅಳುತ್ತಾ ಅಂದರೂ ಸರಿ. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಯಾಕೆ ಟ್ರಿಪ್ ಆಗುತ್ತದೆ, ಇದೆಲ್ಲ ಹೇಳಿಕೊಟ್ಟವರು ಸೈಟಿನ ಐಟಿಐ ಹುಡುಗರು. ಡಿಗ್ರಿಯಲ್ಲೇ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಹೋದ ವರ್ಷ ಅಕ್ಕನ ಮಗಳು ಕೇಳಿದಳು, "ಮಾವ, ಒಂದು ಕಾಲೇಜಲ್ಲಿ ರಿನ್ಯೂಯಬಲ್ ಎನರ್ಜಿ ಅಂತಲೇ ಬಿಎಸ್ಸಿ ಇದೆ. ಸೇರಲಾ?" ಸಿಲಬಸ್ ತರಿಸಿ ನೋಡಿದೆ. ಎಲ್ಲದರ ಪರಿಚಯ ಇತ್ತು, ಗಣಿತ ಒಂದೇ ಸೆಮಿಸ್ಟರ್. ಬೇಡ ಅಂದೆ. ಎನರ್ಜಿ ಅನ್ನುವ ಹೆಸರು ಎಂಟೆಕ್‌ನಲ್ಲೋ ಎಂಎಸ್ಸಿಯಲ್ಲೋ ಬಂದರೆ ಸಾಕು. 2024ರಿಂದ ನಮ್ಮಲ್ಲಿ ಮತ್ತೆ ಮೂರು ವರ್ಷದ, ಮೂರು ವಿಷಯದ ಡಿಗ್ರಿ ಬಂದಿದೆ. ಭೌತಶಾಸ್ತ್ರ, ಗಣಿತ ಬಿಡಬೇಡ, ಮೂರನೆಯದು ನಿನ್ನಿಷ್ಟ ಅಂದೆ. ಇನ್ನೊಂದು ಮಾತು ಹೇಳಿದೆ. ಅಡ್ಮಿಷನ್‌ಗೆ ಮುಂಚೆ ಕಾಲೇಜಿಗೆ ಹೋಗಿ ಲ್ಯಾಬ್ ಒಳಗೆ ಕಾಲಿಟ್ಟು ಬಾ.

ಎರಡು ಕಡೆ ಹೋಗಿ ಬಂದಳು. ಒಂದು ಕಡೆ ಹೊಳೆಯುವ ಕಟ್ಟಡ, ಲ್ಯಾಬಿಗೆ ಬೀಗ, ಕೀ ಯಾರ ಹತ್ತಿರ ಇದೆ ಅಂತ ಆಫೀಸಿನವರಿಗೂ ಗೊತ್ತಿಲ್ಲ. ಇನ್ನೊಂದು ಹಳೇ ಸರ್ಕಾರಿ ಕಾಲೇಜು. ಕಾಲು ಮುರಿದ ಸ್ಟೂಲು, ಮಸಿ ಹಿಡಿದ ಮೀಟರ್, ಮೂರು ಹುಡುಗಿಯರು ರೀಡಿಂಗ್ ಸರಿ ಬರುತ್ತಿಲ್ಲ ಅಂತ ಮೇಷ್ಟ್ರ ಜೊತೆ ಜಗಳ ಆಡುತ್ತಿದ್ದರಂತೆ. ಅಲ್ಲೇ ಪಿಎಂಸಿಗೆ, ಅಂದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದಾಳೆ.