ಎಚ್‌ಐವಿ ಇರುವ ಗಂಡಸರಿಗೆ ಹೆಪಟೈಟಿಸ್ ಎ ಲಸಿಕೆ: ಕಾರವಾರದ ಕಡೆ ನಾವು ಮಾಡುವ ಬಗೆ

ಕಾಮಾಲೆ ತರುವ ಲಿವರಿನ ಸೋಂಕಾದ ಹೆಪಟೈಟಿಸ್ ಎ ತಡೆಯುವ ಲಸಿಕೆಯ ಮಾತು ತೆಗೆದರೆ ಕಾರವಾರದ ಕಡೆ ಮೊದಲು ಕೇಳಿಬರುವುದು ಇದೇ: "ಸಣ್ಣವರಿದ್ದಾಗಲೇ ಕಾಮಾಲೆ ಬಂದು ಹೋಗಿದೆ, ಈಗ್ಯಾಕೆ?" ವಯಸ್ಸಾದವರ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಚಿಕ್ಕ ಮಕ್ಕಳಲ್ಲಿ ಈ ಸೋಂಕು ಹೆಚ್ಚಾಗಿ ಗೊತ್ತೇ ಆಗದೆ ಬಂದುಹೋಗಿ ಜೀವಮಾನದ ರಕ್ಷಣೆ ಕೊಡುತ್ತದೆ. ಆದರೆ ನಲ್ಲಿ ನೀರು ಕುಡಿದು, ಮನೆಯಲ್ಲೇ ಪಾಯಿಖಾನೆ ಇದ್ದು ಬೆಳೆದ ಇಪ್ಪತ್ತು–ಮೂವತ್ತರ ಹುಡುಗರ ವಿಷಯದಲ್ಲಿ ಹಾಗೆ ಊಹಿಸಿಕೊಂಡು ಕೂರಬಾರದು. ಹಳೆಯ ಕಾಮಾಲೆ ಹೆಪಟೈಟಿಸ್ ಇ ಕೂಡ ಆಗಿದ್ದಿರಬಹುದು. ಹಾಗಾಗಿ ನಾವು ನೆನಪನ್ನು ನಂಬುವುದಿಲ್ಲ, ರಕ್ತ ನೋಡುತ್ತೇವೆ.

ಗಂಡಸರ ಜೊತೆ ಸಂಬಂಧ ಇರುವ ಗಂಡಸರನ್ನು ಮೊದಲು ವಿಚಾರಿಸುತ್ತೇವೆ. ಈ ವೈರಸ್ ಮಲದಿಂದ ಬಾಯಿಗೆ ದಾಟುವಂಥದ್ದು. ಗುದಕ್ಕೆ ಬಾಯಿ ತಾಗಿದರೂ, ಬೆರಳಿನಿಂದಲೂ ಹರಡುತ್ತದೆ, ಕಾಂಡೋಮ್ ಒಂದರಿಂದಲೇ ತಡೆಯಲಾಗದು. ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ಬಾಗಿಲು ಮುಚ್ಚಿ, "ಅಣ್ಣಾ, ಇದು ನಿಮ್ಮೊಬ್ಬರಿಗೇ ಕೇಳುವ ಪ್ರಶ್ನೆ ಅಲ್ಲ, ಎಲ್ಲರಿಗೂ ಕೇಳ್ತೇವೆ. ಹೇಳದಿದ್ದರೂ ಲಸಿಕೆ ಸಿಗ್ತದೆ" ಎಂದರೆ ಸಾಕು, ಮಾತು ಬರುತ್ತದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಈ ಮಾಹಿತಿ ಗುಟ್ಟಾಗಿಯೇ ಉಳಿಯಬೇಕು. ಹೆಪಟೈಟಿಸ್ ಬಿ ಅಥವಾ ಸಿ ಇರುವವರು, ಕುಡಿತದಿಂದ ಲಿವರ್ ಸೋತವರೂ ಸಾಲಿನ ಮುಂದೆಯೇ ಇರಬೇಕು.

ಲ್ಯಾಬ್ ಚೀಟಿಯಲ್ಲಿ "ಹೆಪಟೈಟಿಸ್ ಎ ಐಜಿಜಿ" ಅಥವಾ "ಟೋಟಲ್ ಆಂಟಿಬಾಡಿ" ಎಂದು ಬಿಡಿಸಿ ಬರೆಯಬೇಕು. ರಕ್ಷಣೆ ಕೊಡುವ ಆಂಟಿಬಾಡಿ (ವೈರಸ್ಸನ್ನು ತಡೆಯುವ ಪ್ರೋಟೀನ್) ರಕ್ತದಲ್ಲಿದೆಯೇ ಎಂದು ತೋರಿಸುವುದು ಇದೇ. ಬರೇ "ಹೆಪಟೈಟಿಸ್ ಎ" ಎಂದರೆ ಐಜಿಎಂ ಮಾಡಿ ಕಳಿಸುತ್ತಾರೆ. ಅದು ಈಗ ನಡೆಯುತ್ತಿರುವ ಸೋಂಕಿನ ಪರೀಕ್ಷೆ, ರಕ್ಷಣೆ ಇದೆಯೇ ಎಂದು ಹೇಳುವುದಿಲ್ಲ. ಐಜಿಎಂ ನೆಗೆಟಿವ್ ನೋಡಿ "ಏನೂ ತೊಂದರೆ ಇಲ್ಲ" ಅಂದುಕೊಂಡು ಹೋಗುವವರೇ ಜಾಸ್ತಿ. ಐಜಿಜಿ ಪಾಸಿಟಿವ್ ಇದ್ದರೆ ಅಲ್ಲಿಗೆ ಮುಗಿಯಿತು, ಸೂಜಿ ಬೇಡ.

ನೆಗೆಟಿವ್ ಆದರೆ ಮುಂದಿನದು ಲಸಿಕೆಯ ಆಯ್ಕೆ. ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲದ್ದರಿಂದ ಮೆಡಿಕಲ್‌ನಿಂದ ತರಿಸಬೇಕು, ಎಡವುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಎರಡು ಬಗೆ ಸಿಗುತ್ತದೆ: ಸತ್ತ ವೈರಸ್ಸಿನದು, ದುರ್ಬಲಗೊಳಿಸಿದ ಜೀವಂತ ವೈರಸ್ಸಿನದು. ಜೀವಂತದ್ದು ಒಂದೇ ಡೋಸ್ ಎಂದು ಅಂಗಡಿಯವರು ಅದನ್ನೇ ಮುಂದಿಡುತ್ತಾರೆ. ಎಚ್‌ಐವಿ ಇರುವವರಿಗೆ ಅದು ಬೇಡವೇ ಬೇಡ. ಒಂದು ಸೀಸೆಯಲ್ಲಿ ಒಣಪುಡಿ, ಇನ್ನೊಂದರಲ್ಲಿ ಕಲಸುವ ನೀರು ಇದ್ದರೆ ಅನುಮಾನಪಟ್ಟು ಪೆಟ್ಟಿಗೆಯ ಬರಹ ಓದಿ. ಸತ್ತ ವೈರಸ್ಸಿನದು ಕಲಸಿಯೇ ಬರುವ, ಅಲುಗಾಡಿಸಿದರೆ ಬೆಳ್ಳಗೆ ಮಬ್ಬಾಗುವ ದ್ರವ. ಮಕ್ಕಳ ಡೋಸ್ ದೊಡ್ಡವರಿಗೆ ಸಾಲದು: ಹ್ಯಾವ್ರಿಕ್ಸ್ ಬ್ರ್ಯಾಂಡಿನದಾದರೆ 720 ಯೂನಿಟ್ಟಿನದು ಅಲ್ಲ, 1440 ಯೂನಿಟ್ಟಿನ 1 ಮಿ.ಲೀ. ರಟ್ಟೆಯ ಸ್ನಾಯುವಿಗೇ ಕೊಡಬೇಕು, ಕುಂಡೆಗೆ ಅಲ್ಲ.

ಈ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಘಟ್ಟ ಹತ್ತಿಸಿ ಶಿರಸಿಗೆ ಒಯ್ಯುವಾಗ ಎಲ್ಲರೂ ಬಿಸಿಗೆ ಹೆದರುತ್ತಾರೆ, ಆದರೆ ಹೆಪ್ಪುಗಟ್ಟಿದರೆ ಲಸಿಕೆ ಪೂರ್ತಿ ಹಾಳು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಡಬ್ಬಿಗೆ ಹಾಕಬಾರದು. ಮೇಲಿನ ಬಿಳಿ ಮಂಜು ಕರಗಿ, ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳುವವರೆಗೆ ಹೊರಗಿಟ್ಟು ಆಮೇಲೆ ಹಾಕುತ್ತೇವೆ.

ಸಿಡಿ4 (ಎಚ್‌ಐವಿ ಕುಗ್ಗಿಸುವ ರಕ್ಷಣಾ ಕಣಗಳ ಎಣಿಕೆ) 350ಕ್ಕಿಂತ ಮೇಲಿದ್ದರೆ ಎರಡು ಡೋಸ್, ನಡುವೆ ಆರು ತಿಂಗಳು. ಅದಕ್ಕಿಂತ ಕೆಳಗಿದ್ದರೆ ಮೂರು: ಇವತ್ತು, ತಿಂಗಳಿಗೆ, ಆರನೇ ತಿಂಗಳಿಗೆ. 200ಕ್ಕಿಂತ ಕೆಳಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ) ಈಗಷ್ಟೇ ಶುರುವಾಗಿದ್ದರೆ ಸಿಡಿ4 ಏರಲಿ ಎಂದು ಕಾಯಬಹುದು, ಆದರೆ ಮನೆಯಲ್ಲೋ ಜೊತೆಗಾರರಲ್ಲೋ ಕಾಮಾಲೆ ಕಾಣಿಸಿದ್ದರೆ ಕಾಯಬಾರದು. ಆಗ ಎರಡು ವಾರದೊಳಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಆಂಟಿಬಾಡಿಯ ಚುಚ್ಚುಮದ್ದು) ಕೂಡ ಬೇಕು, ತೂಕದ ಪ್ರತಿ ಕಿಲೋಗೆ 0.1 ಮಿ.ಲೀ.

ಕಡೆಯ ಡೋಸ್ ತಪ್ಪುವುದೇ ದೊಡ್ಡ ತಲೆನೋವು. ಕಾರವಾರದ ಬೈತಖೋಲ ಬಂದರಿನಿಂದ ಕಡಲಿಗೆ ಇಳಿಯುವವರಿಗೆ ತಾರೀಖು ಕೊಟ್ಟು ಪ್ರಯೋಜನವಿಲ್ಲ. ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಅದಕ್ಕೇ ಮೊದಲ ಡೋಸನ್ನು ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳುತ್ತೇವೆ, ಆರನೇ ತಿಂಗಳು ತಾನಾಗಿ ಮಳೆಗಾಲಕ್ಕೆ ಬೀಳುತ್ತದೆ. ಮುಂಬೈ, ಗೋವಾದಲ್ಲಿ ಕೆಲಸಕ್ಕಿರುವವರಿಗೆ ಊರಿಗೆ ಬರುವ ಚೌತಿಯ ಲೆಕ್ಕ ಹಿಡಿಯುತ್ತೇವೆ. ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಂದ ದಿನ ಉಳಿದದ್ದನ್ನು ಕೊಟ್ಟರಾಯಿತು.

ಕಡೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಮತ್ತೆ ಐಜಿಜಿ ನೋಡಲೇಬೇಕು. ಎಚ್‌ಐವಿ ಇಲ್ಲದವರಿಗೆ ಇದು ಅನಗತ್ಯ, ಇವರಿಗೆ ಅಗತ್ಯ. ಲಸಿಕೆಯಿಂದ ಬರುವ ಆಂಟಿಬಾಡಿ ಸೋಂಕಿನಿಂದ ಬರುವುದಕ್ಕಿಂತ ಕಡಿಮೆ ಮಟ್ಟದ್ದು, ಕೆಲವು ಕಿಟ್‌ಗಳಿಗೆ ಅದು ಕಾಣುವುದೇ ಇಲ್ಲ. ನೆಗೆಟಿವ್ ಬಂದರೆ ಸಿಡಿ4 200 ದಾಟಿರುವುದನ್ನು ನೋಡಿಕೊಂಡು ಸರಣಿಯನ್ನು ಮತ್ತೊಮ್ಮೆ ಕೊಡುತ್ತೇವೆ.

ರಕ್ಷಣೆ ಬರುವ ತನಕ ಬಾಯಿಯ ಕಡೆ ಎಚ್ಚರ. ಬಳಚು ಎಂಬ ಚಿಪ್ಪುಮೀನು ನೀರನ್ನು ಸೋಸಿ ತಿನ್ನುವ ಜೀವಿ, ವೈರಸ್ ಅದರೊಳಗೆ ಕೂಡಿಕೊಳ್ಳುತ್ತದೆ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಿದರೆ ಒಳಗಿನ ಮಾಂಸಕ್ಕೆ ಸಾಕಷ್ಟು ಬಿಸಿ ತಾಗಿರುವುದಿಲ್ಲ, ಇನ್ನೂ ನಾಲ್ಕೈದು ನಿಮಿಷ ಕುದಿಯಬೇಕು. ಕೈಗೆ ಸ್ಯಾನಿಟೈಸರ್ ನೆಚ್ಚಬೇಡಿ, ಸೋಪು ನೀರೇ ಆಗಬೇಕು.

ಇಷ್ಟರ ನಡುವೆಯೂ ಕಣ್ಣು ಹಳದಿಯಾದರೆ ನಾಟಿ ಮದ್ದಿಗೆ ಓಡಿ, "ಲಿವರಿಗೆ ಭಾರ" ಎಂದು ಎಆರ್‌ಟಿ ಗುಳಿಗೆಯನ್ನು ತಾವೇ ನಿಲ್ಲಿಸಿಬಿಡುವುದುಂಟು. ಎಆರ್‌ಟಿಯ ಟಿಎಲ್‌ಡಿ ಗುಳಿಗೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಹೆಪಟೈಟಿಸ್ ಬಿಯನ್ನೂ ಹಿಡಿದಿಡುತ್ತವೆ. ಬಿ ಇರುವವರು ಅದನ್ನು ಹಠಾತ್ತನೆ ಬಿಟ್ಟರೆ ಬಿ ಕೆರಳಿ ಲಿವರ್ ಇನ್ನಷ್ಟು ಕೆಡುತ್ತದೆ. ಗುಳಿಗೆ ಡಬ್ಬಿ ಹಿಡಿದುಕೊಂಡು ಅವತ್ತೇ ಎಆರ್‌ಟಿ ಕೇಂದ್ರಕ್ಕೆ ಬರಬೇಕು. ಐಜಿಎಂ, ಎಸ್‌ಜಿಪಿಟಿ (ಲಿವರಿಗಾದ ಪೆಟ್ಟಿನ ಪರೀಕ್ಷೆ), ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಪರೀಕ್ಷೆ) ನೋಡಿದ ಮೇಲೆ ನಿಲ್ಲಿಸುವುದೋ ಮುಂದುವರಿಸುವುದೋ ಡಾಕ್ಟರು ಹೇಳುತ್ತಾರೆ.